ದೂರದ ಪಯಣ ಮತ್ತು ಮಕ್ಕಳ ಬುತ್ತಿ

ಬುತ್ತಿ ಎಂಬ ಮಾತು ಕನ್ನಡ ನಾಡಿನ ಜನಕ್ಕೆ ಹೊಸದಲ್ಲ. ಹೊಲಕ್ಕೆ ಹೋಗುವ ರೈತನಿಗೆ ಬುತ್ತಿ, ಜಾತ್ರೆಗೆ ಹೊರಟ ಬಂಡಿಗೆ ಬುತ್ತಿ, ತವರಿನಿಂದ ಗಂಡನ ಮನೆಗೆ ಮರಳುವ ಮಗಳಿಗೆ ಬುತ್ತಿ. ಹೊಸ್ತಿಲು ದಾಟಿ ದೂರ ಹೋಗುವವರ ಕೈಯಲ್ಲಿ ಅಡಿಗೆಮನೆಯ ಒಂದು ಗಂಟು ಇರಲೇಬೇಕೆಂಬುದು ಹಿಂದಿನವರ ಕಟ್ಟಳೆಯಾಗಿತ್ತು. ಎತ್ತಿನ ಬಂಡಿಯ ಕಾಲ ಹೋಗಿ ಬಸ್ಸಿನ ಕಾಲ ಬಂದಾಗಲೂ ಈ ಕಟ್ಟಳೆ ಅಳಿಯಲಿಲ್ಲ. ಸಾರಿಗೆ ಸಂಸ್ಥೆಯ ಕೆಂಪು ಬಸ್ಸಿನಲ್ಲಿ, ಪ್ಯಾಸೆಂಜರ್ ರೈಲಿನಲ್ಲಿ ಗಂಟು ಬಿಚ್ಚಿದ ಕೂಡಲೇ ಶೇಂಗಾ ಚಟ್ನಿಯ ವಾಸನೆ ಅಕ್ಕಪಕ್ಕದವರ ಮೂಗಿಗೂ ಮುಟ್ಟುತ್ತಿತ್ತು. ಅವರಿಗೂ ಒಂದು ತುತ್ತು ಹೋಗುತ್ತಿತ್ತು. ಆ ಗಂಟು ಸಣ್ಣದಾಗುತ್ತ ಬಂದದ್ದು ಕುಟುಂಬಗಳು ಸ್ವಂತ ಮೋಟಾರಿನಲ್ಲಿ ಪಯಣಿಸತೊಡಗಿದ ಮೇಲೆ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಮಾರುಕಟ್ಟೆಗೆ ಬಂದಿತು. ಅಲ್ಲಿಂದ ಮುಂದೆ ಮಧ್ಯಮ ವರ್ಗದ ಮನೆಗಳ ಅಂಗಳದಲ್ಲಿ ಕಾರುಗಳು ಒಂದೊಂದಾಗಿ ಬಂದು ನಿಂತವು. ಕಾರಿನಲ್ಲಿ ಸಾಮಾನು ಇಡಲು ಬಸ್ಸಿಗಿಂತ ಹೆಚ್ಚು ಅನುಕೂಲವಿದೆ, ನೀರಿನ ಬಾಟಲಿಗೆ ಗೂಡಿದೆ, ಬೇಕಾದಲ್ಲಿ ನಿಲ್ಲಿಸುವ ಸ್ವಾತಂತ್ರ್ಯವಿದೆ. ಇಷ್ಟೆಲ್ಲ ಇದ್ದೂ ಬುತ್ತಿ ಮಾತ್ರ ಇಲ್ಲವಾಗುತ್ತ ಬಂದಿದೆ. "ದಾರಿಯಲ್ಲಿ ಏನಾದರೂ ಸಿಗುತ್ತದೆ" ಎಂಬ ಮಾತು ಅದರ ಸ್ಥಳವನ್ನು ಆಕ್ರಮಿಸಿದೆ.

ದಾರಿಯಲ್ಲಿ ಸಿಗುವುದೇನೆಂಬುದನ್ನು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಯಾರಾದರೂ ನೋಡಬಹುದು. ಸುಮಾರು ೪೦೦ ಕಿಲೋಮೀಟರಿನ ಈ ದಾರಿಯ ಉದ್ದಕ್ಕೂ, ಹಾವೇರಿ, ರಾಣೇಬೆನ್ನೂರು, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರುಗಳ ಆಚೀಚೆ ಉಪಾಹಾರ ಗೃಹಗಳಿಗೂ ಅಂಗಡಿಗಳಿಗೂ ಕೊರತೆಯಿಲ್ಲ. ಆ ಅಂಗಡಿಗಳ ಮುಂದೆ ತೋರಣದಂತೆ ತೂಗುವ ಬಣ್ಣದ ಪೊಟ್ಟಣಗಳು ಮೊದಲು ಕಣ್ಣಿಗೆ ಬೀಳುವುದು ಮಕ್ಕಳಿಗೆ. ಹಿಂದಿನ ಆಸನದಲ್ಲಿ ಕುಳಿತ ಮಗು ಅದನ್ನು ಕೇಳುತ್ತದೆ; ಮೊದಲ ಸಲ ಬೇಡವೆಂದ ತಂದೆ ಎರಡನೆಯ ಸಲ ಸುಮ್ಮನಿದ್ದು ಮೂರನೆಯ ಸಲ ಕೊಡಿಸುತ್ತಾನೆ. ಪೊಟ್ಟಣದ ಉಪ್ಪುಖಾರದಿಂದ ಬಾಯಾರಿಕೆಯಾಗುತ್ತದೆ. ಬಾಯಾರಿಕೆಗೆ ನೀರು ಸಪ್ಪೆಯೆನಿಸಿ ಬಣ್ಣದ ಪಾನೀಯ ಬರುತ್ತದೆ. ಪಾನೀಯ ಕುಡಿದ ಅರ್ಧ ಗಂಟೆಗೆ ಮಗುವಿಗೆ ಇಳಿಯಬೇಕಾಗುತ್ತದೆ, ಇಲ್ಲವೇ ಹೊಟ್ಟೆ ತೊಳಸುತ್ತದೆ. ಮಧ್ಯಾಹ್ನ ಎಲೆಯ ಮುಂದೆ ಕುಳಿತಾಗ ಆ ಮಗು ಒಂದು ತುತ್ತನ್ನೂ ಉಣ್ಣುವುದಿಲ್ಲ. "ಇವನಿಗೆ ಹಸಿವೆಯೇ ಇಲ್ಲ" ಎಂದು ತಾಯಿ ಕೊರಗುತ್ತಾಳೆ.

ಇಲ್ಲಿ ವಿಚಾರ ಮಾಡತಕ್ಕ ಸಂಗತಿಯೊಂದಿದೆ. ಕಾರಿನಲ್ಲಿ ಕುಳಿತ ಮಗು ತಿಂಡಿಯನ್ನು ಕೇಳುವುದು ಬಹುಮಟ್ಟಿಗೆ ಹಸಿವೆಯಿಂದಲ್ಲ, ಬೇಸರದಿಂದ. ಮನೆಯಲ್ಲಿ ಕ್ಷಣಕಾಲ ಕುಳಿತಲ್ಲಿ ಕುಳಿತಿರದ ಆರು ವರ್ಷದ ಹುಡುಗನನ್ನು ಪಟ್ಟಿ ಬಿಗಿದು ಏಳು ಗಂಟೆ ಕೂರಿಸಿದರೆ ಅವನ ಕೈಕಾಲುಗಳಿಗೆ ಕೆಲಸವಿಲ್ಲ, ಬಾಯಿಯೊಂದೇ ಬಿಡುವಾಗಿರುತ್ತದೆ. ಪಾಲಕರು ಆ ಬಾಯಿಗೆ ಕೆಲಸ ಕೊಡುವುದೂ ಅವನ ಹಸಿವೆಗೆ ಅಂಜಿ ಅಲ್ಲ, ಗದ್ದಲಕ್ಕೆ ಅಂಜಿ. ಹೀಗೆ ತಿಂಡಿಯು ಅನ್ನವಾಗುವುದನ್ನು ಬಿಟ್ಟು ಬಾಯಿ ಮುಚ್ಚಿಸುವ ಸಾಧನವಾಗುತ್ತದೆ. ಬೇಸರವಾದಾಗಲೆಲ್ಲ ತಿನ್ನಬೇಕು ಎಂಬ ಪಾಠವನ್ನು ಮಗು ಕಲಿಯುವುದು ಇಂಥ ಪಯಣಗಳಲ್ಲಿಯೇ. ಕಲಿತ ಮೇಲೆ ಅದು ಕಾರಿನೊಳಗೇ ಉಳಿಯುವುದಿಲ್ಲ. ಆದುದರಿಂದ ಮಕ್ಕಳಿಗೆ ಯಾವ ತಿಂಡಿ ಒಯ್ಯಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ಆ ತಿಂಡಿಯನ್ನು ಎಲ್ಲಿ, ಯಾವಾಗ ಕೊಡಬೇಕು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳುವುದು ಯುಕ್ತ.

ಹಿಂದಿನ ಬುತ್ತಿಗೆ ಒಂದು ಸ್ಥಳವಿತ್ತು. ಎತ್ತುಗಳ ಕೊರಳು ಹರಿದು, ಬಾವಿಯೋ ಹಳ್ಳವೋ ಇರುವಲ್ಲಿ, ಹುಣಸೆಯ ಮರದ ನೆರಳಿನಲ್ಲಿ ಗಂಟು ಬಿಚ್ಚುತ್ತಿದ್ದರು. ಬಂಡಿ ಓಡುವಾಗ ಉಣ್ಣುವ ಪದ್ಧತಿ ಇರಲಿಲ್ಲ. ಎತ್ತುಗಳಿಗೆ ದಣಿವು, ಮಕ್ಕಳಿಗೆ ಜಡತ್ವ, ದೊಡ್ಡವರಿಗೆ ಹಸಿವೆ, ಈ ಮೂರೂ ಒಂದೇ ತಂಗುದಾಣದಲ್ಲಿ ಪರಿಹಾರವಾಗುತ್ತಿದ್ದವು. ಕಾರಿಗೆ ದಣಿವಿಲ್ಲ. ಅದು ನಿಲ್ಲಬೇಕಾದ ಅಗತ್ಯವಿಲ್ಲವೆಂಬ ಭ್ರಮೆಯಲ್ಲಿ ಪಯಣಿಗರ ದಣಿವೂ ಮರೆತುಹೋಗಿದೆ. "ಎಲ್ಲಿಯೂ ನಿಲ್ಲಿಸದೆ ಐದೂವರೆ ತಾಸಿಗೆ ಮುಟ್ಟಿದೆವು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಗೃಹಸ್ಥರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಆ ಐದೂವರೆ ತಾಸು ಹಿಂದೆ ಕುಳಿತ ಮಕ್ಕಳು ಏನು ತಿಂದರು, ಹೇಗೆ ತಿಂದರು ಎಂದು ಅವರನ್ನು ಯಾರೂ ಕೇಳುವುದಿಲ್ಲ. ಎರಡು ತಾಸಿಗೊಮ್ಮೆ ಕಾಲು ಗಂಟೆ ಕಾರನ್ನು ನಿಲ್ಲಿಸಿ, ಮಕ್ಕಳನ್ನು ಇಳಿಸಿ, ನಾಲ್ಕು ಹೆಜ್ಜೆ ನಡೆಸಿ, ಕೈ ತೊಳೆಸಿ, ಅಲ್ಲಿಯೇ ಕೂಡಿಸಿ ತಿನ್ನಿಸುವುದು ಇದಕ್ಕೆ ಮದ್ದು. ನಾಲ್ಕು ನೂರು ಕಿಲೋಮೀಟರಿಗೆ ಇಂಥ ಮೂರು ನಿಲುಗಡೆ ಸಾಕು. ಅದರಿಂದ ಒಟ್ಟು ಪಯಣಕ್ಕೆ ಕೂಡುವ ಸಮಯ ಮುಕ್ಕಾಲು ಗಂಟೆಗಿಂತ ಹೆಚ್ಚಿಲ್ಲ.

ಕಾರು ಓಡುವಾಗ ಮಗುವಿಗೆ ತಿನ್ನಲು ಕೊಡಬಾರದೆಂಬುದಕ್ಕೆ ಶಿಸ್ತಿನ ಕಾರಣಕ್ಕಿಂತ ಪ್ರಾಣದ ಕಾರಣವೇ ದೊಡ್ಡದು. ಎಳೆಯ ಮಕ್ಕಳ ಶ್ವಾಸನಾಳ ಕಿರಿದು. ಅರೆಯುವ ದವಡೆಹಲ್ಲುಗಳು ಪೂರ್ಣವಾಗಿ ಬಂದಿರುವುದಿಲ್ಲ. ಇಡಿಯ ಶೇಂಗಾಕಾಳು, ಪುಟಾಣಿ, ಗಟ್ಟಿ ಪೆಪ್ಪರಮಿಂಟು, ಇಡಿಯ ದ್ರಾಕ್ಷಿಹಣ್ಣು ಇವು ಗಂಟಲಲ್ಲಿ ಸಿಕ್ಕಿಕೊಳ್ಳುವ ಪದಾರ್ಥಗಳಲ್ಲಿ ಮುಖ್ಯವಾದವು. ಇಡಿಯ ಕಾಳುಗಳನ್ನು ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದೂ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಕೊಡಬೇಕೆಂದೂ ವೈದ್ಯರು ಹೇಳುತ್ತಾರೆ. ಮನೆಯಲ್ಲಿ ಹೀಗಾದರೆ ತಾಯಿ ಒಡನೆ ನೋಡಿ ಮಗುವನ್ನು ಬೋರಲು ಹಾಕಿ ಬೆನ್ನಿಗೆ ತಟ್ಟಬಲ್ಲಳು. ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರಿನ ಮುಂದಿನ ಆಸನದಲ್ಲಿ ಕುಳಿತವಳಿಗೆ ಹಿಂದಿನ ಮಗುವಿನ ಮುಖವೇ ಕಾಣುವುದಿಲ್ಲ. ಉಸಿರು ಕಟ್ಟಿದ ಮಗುವಿಗೆ ಕೂಗಲು ಧ್ವನಿಯೂ ಬರುವುದಿಲ್ಲ. ಕಂಡರೂ ಕಾರನ್ನು ಬದಿಗೆ ತಂದು ನಿಲ್ಲಿಸಿ, ಪಟ್ಟಿ ಬಿಚ್ಚಿ ಎತ್ತಿಕೊಳ್ಳುವಷ್ಟರಲ್ಲಿ ಅಮೂಲ್ಯ ನಿಮಿಷ ಕಳೆದಿರುತ್ತದೆ. ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಸುರಕ್ಷಾ ಪಟ್ಟಿಯಿಂದಾಗಲಿ ಮಕ್ಕಳ ಆಸನದಿಂದಾಗಲಿ ಬಂಧಿಸಿಯೇ ಕೂಡಿಸಬೇಕೆಂದು ವಿಧಿಸಿದೆ. ಅದು ಅತ್ಯಂತ ಉಚಿತವಾದ ವಿಧಿ. ಆದರೆ ಹಿಂದಕ್ಕೆ ಒರಗಿ, ಬಾಯಿಯಲ್ಲಿ ತುತ್ತಿಟ್ಟುಕೊಂಡು ಹಾಗೆಯೇ ನಿದ್ದೆ ಹೋಗುವ ಕೂಸಿನ ಅಪಾಯವನ್ನು ಯಾವ ಪಟ್ಟಿಯೂ ತಪ್ಪಿಸಲಾರದು. ಚಾಕೊಲೇಟು ಕೊಟ್ಟು ಮಲಗಿಸಿದೆವು ಎಂದು ಸಮಾಧಾನಪಡುವ ಹಿರಿಯರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು.

ವಾಂತಿಯ ವಿಷಯವೂ ಇದಕ್ಕೆ ಸೇರಿದ್ದೇ. ದೇಹ ಅಲುಗುತ್ತಿರುವುದನ್ನು ಒಳಗಿವಿ ಮಿದುಳಿಗೆ ತಿಳಿಸುತ್ತಿರುತ್ತದೆ. ಕಾರಿನ ಒಳಗನ್ನೇ ನೋಡುತ್ತಿರುವ ಕಣ್ಣು ಎಲ್ಲವೂ ನಿಶ್ಚಲವಾಗಿದೆಯೆಂದು ಹೇಳುತ್ತದೆ. ಈ ಎರಡು ಸಾಕ್ಷ್ಯಗಳು ಹೊಂದದೆ ಇದ್ದಾಗ ತಲೆ ಸುತ್ತಿ ವಾಕರಿಕೆ ಬರುತ್ತದೆ. ಎರಡು ವರ್ಷಕ್ಕಿಂತ ಚಿಕ್ಕ ಕೂಸುಗಳಲ್ಲಿ ಇದು ಅಪರೂಪ. ಎರಡರಿಂದ ಹನ್ನೆರಡು ವರ್ಷದವರಲ್ಲಿ ಹೆಚ್ಚು. ಕೈಯಲ್ಲಿ ಮೊಬೈಲು ಕೊಟ್ಟು, ಬಾಯಿಗೆ ಕರಿದ ತಿಂಡಿ ಕೊಟ್ಟು ಘಟ್ಟ ಹತ್ತಿಸಿದರೆ ಏನಾಗಬೇಕೋ ಅದೇ ಆಗುತ್ತದೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವವರು ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಟ್ಟವನ್ನು ಇಳಿಯಬೇಕು. ಶಿವಮೊಗ್ಗದ ಕಡೆಯಿಂದ ಉಡುಪಿಗೆ ಹೋಗುವವರಿಗೆ ಆಗುಂಬೆಯ ತಿರುವುಗಳಿವೆ. ಇಂಥ ಘಟ್ಟಕ್ಕೆ ಒಂದೂವರೆ ತಾಸು ಮೊದಲೇ ತಿಂಡಿ ಮುಗಿದಿರಬೇಕು. ಹಾಗೆಂದು ಮಗುವನ್ನು ಉಪವಾಸ ಒಯ್ಯುವುದೂ ಸಲ್ಲದು. ಬರಿಯ ಹೊಟ್ಟೆಯಲ್ಲಿ ವಾಕರಿಕೆ ಇನ್ನೂ ಹೆಚ್ಚು ಕಾಡುತ್ತದೆ. ಅರ್ಧ ರೊಟ್ಟಿ, ಎರಡು ಮೆತ್ತನೆಯ ಇಡ್ಲಿ, ಒಂದು ಹಿಡಿ ಚುರುಮುರಿ ಇಷ್ಟಾದರೆ ಆಯಿತು. ಎಣ್ಣೆ, ತುಪ್ಪ, ಹಾಲಿನ ಸಿಹಿ ಬೇಡ. ಪಯಣದ ಮುಂಜಾನೆ ಅಜ್ಜಿಯರು ಮಮತೆಯಿಂದ ದೊಡ್ಡ ಲೋಟದ ತುಂಬ ಕೊಡುವ ಸಕ್ಕರೆ ಹಾಲಿನ ಪರಿಣಾಮವನ್ನು ಕಾರು ತೊಳೆಯುವವರು ಚೆನ್ನಾಗಿ ಬಲ್ಲರು. ಶುಂಠಿಯ ಚೂರನ್ನು ಬಾಯಲ್ಲಿಡುವ ರೂಢಿ ಬಹಳ ಹಳೆಯದು. ವಾಕರಿಕೆಗೆ ಅದರ ಉಪಯೋಗವನ್ನು ಆಧುನಿಕ ವೈದ್ಯರೂ ಪರೀಕ್ಷಿಸಿದ್ದಾರೆ. ಫಲ ಎಲ್ಲರಲ್ಲಿಯೂ ಒಂದೇ ತೆರನಾಗಿ ಕಂಡಿಲ್ಲವಾದರೂ ದೊಡ್ಡ ಮಕ್ಕಳಿಗೆ ಅದರಿಂದ ಕೇಡಿಲ್ಲ.

ಇನ್ನು ಬುತ್ತಿಯಲ್ಲಿ ಏನಿರಬೇಕು ಎಂಬ ಮಾತು. ಇದಕ್ಕೆ ಉತ್ತರವನ್ನು ಹೊರಗೆಲ್ಲೋ ಹುಡುಕಬೇಕಾಗಿಲ್ಲ. ಈ ನಾಡಿನ ಒಣಹವೆಯಲ್ಲಿ ಬೆಳೆದ ಅಡಿಗೆಯೇ ಅದನ್ನು ಕಂಡುಕೊಂಡಿದೆ. ಆಹಾರ ಕೆಡುವುದು ಸೂಕ್ಷ್ಮಜೀವಿಗಳಿಂದ. ಅವಕ್ಕೆ ಬಾಳಲು ನೀರು ಬೇಕು. ಬೆಂಕಿಯ ಮೇಲೆ ನಿಲ್ಲಿಸಿ ನೀರಿನಂಶವನ್ನೆಲ್ಲ ಆರಿಸಿದ ಖಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ವಾರಗಟ್ಟಲೆ ಕೆಡದಿರುವ ಮರ್ಮ ಇಷ್ಟೇ. ರೊಟ್ಟಿ ಬಡಿಯುವಾಗ ಮಕ್ಕಳಿಗೆಂದು ಅಂಗೈಯಗಲದ ನಾಲ್ಕು ರೊಟ್ಟಿಗಳನ್ನು ತೆಳ್ಳಗೆ ಬಡಿದಿಟ್ಟರೆ ಅವು ಯಾವ ಅಂಗಡಿಯ ಕುರುಕಲಿಗೂ ಸೋಲುವುದಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಗುರೆಳ್ಳು ಪುಡಿ. ಮಕ್ಕಳಿಗಾದರೆ ಖಾರ ಅರ್ಧ. ಒಗ್ಗರಣೆ ಹಾಕಿದ ಚುರುಮುರಿ, ಅಂದರೆ ದಾವಣಗೆರೆಯವರ ಮಂಡಕ್ಕಿ, ಮೈಸೂರು ಸೀಮೆಯವರ ಪುರಿ, ಕಾರಿನ ಪಯಣಕ್ಕೆಂದೇ ಹುಟ್ಟಿದಂತಿದೆ: ಹಗುರ, ಒಣ, ಹೊಟ್ಟೆಗೆ ಭಾರವಿಲ್ಲ, ಅಗ್ಗ. ಅದಕ್ಕೆ ಪುಟಾಣಿ, ಬೆಳ್ಳುಳ್ಳಿ, ಕರಿಬೇವು, ಚಿಟಿಕೆ ಅರಿಸಿನ ಬಿದ್ದರೆ ಬೇರೆ ಏನೂ ಬೇಡ. ಚಿಕ್ಕ ಮಕ್ಕಳಿದ್ದರೆ ಪುಟಾಣಿ, ಶೇಂಗಾಗಳನ್ನು ಇಡಿಯಾಗಿ ಹಾಕದೆ ಕುಟ್ಟಿ ಹಾಕಬೇಕು. ನಾಗರಪಂಚಮಿಯ ಜೋಳದ ಅಳ್ಳನ್ನು ವರ್ಷಕ್ಕೊಮ್ಮೆ ನೆನೆದು ಮರೆಯಬೇಕಾಗಿಲ್ಲ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಅದು ಪೊಟ್ಟಣದ ಪಾಪ್‌ಕಾರ್ನಿಗಿಂತ ಕಡಿಮೆಯದೇನಲ್ಲ. ರಾಗಿಯ ಸೀಮೆಯವರಿಗೆ ಹುರಿಹಿಟ್ಟು ಇದೆ. ಅರಳಿದ ರಾಗಿಯ ಆ ಹಿಟ್ಟನ್ನು ಬೆಲ್ಲದೊಡನೆ ಉಂಡೆ ಕಟ್ಟಬಹುದು, ತಂಗಿದಲ್ಲಿ ಮಜ್ಜಿಗೆಗೆ ಕಲಸಿಯೂ ಕೊಡಬಹುದು. ಮತ್ತೆ ಬೇಯಿಸುವ ಗೊಡವೆಯಿಲ್ಲ. ಮೈಸೂರಿನಲ್ಲಿ ೧೯೬೧ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾಲಯವು ಸೈನಿಕರಿಗಾಗಿ ಬಹುಕಾಲ ಕೆಡದ ಚಪಾತಿ ಮೊದಲಾದವನ್ನು ಸಿದ್ಧಪಡಿಸಿದೆ. ದೂರ ಹೋಗುವವನಿಗೆ ಹಗುರವಾದ, ಬಾಳುವ, ಪುಷ್ಟಿಯ ಆಹಾರ ಬೇಕೆಂಬ ಆ ವಿಜ್ಞಾನಿಗಳ ಚಿಂತೆಯೇ ಒಲೆಯ ಮುಂದೆ ಕುಳಿತ ತಾಯಿಯದೂ ಆಗಿತ್ತು.

ಅನ್ನದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬೆಂದ ಅನ್ನದಲ್ಲಿ ಕುದಿಯುವ ನೀರಿಗೂ ಸಾಯದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಕಗಳು ಉಳಿದಿರುತ್ತವೆ; ಬೆಚ್ಚಗಿನ ಸ್ಥಳದಲ್ಲಿ ಬಹಳ ಹೊತ್ತು ಇಟ್ಟರೆ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗಿನ ಶಾಖವು ಒಂದು ಗಂಟೆಯೊಳಗೆ ಹೊರಗಿನದಕ್ಕಿಂತ ಸುಮಾರು ೨೦ ಡಿಗ್ರಿ ಏರಬಲ್ಲುದು. ಅಂಥ ಕಾರಿನ ಡಿಕ್ಕಿಯಲ್ಲಿ ಬೆಳಗಿನ ಚಿತ್ರಾನ್ನ, ಕಾಯಿತುರಿ ಬಿದ್ದ ಉಪ್ಪಿಟ್ಟು ಸಂಜೆಯವರೆಗೆ ಇದ್ದರೆ ಅದನ್ನು ಮಕ್ಕಳಿಗೆ ಕೊಡದಿರುವುದೇ ಲೇಸು. ಹುಣಸೆಯ ಹುಳಿ, ಎಣ್ಣೆ, ಉಪ್ಪು ಚೆನ್ನಾಗಿ ಹಿಡಿದ ಪುಳಿಯೋಗರೆ ಉಳಿದ ಅನ್ನಗಳಿಗಿಂತ ಹೆಚ್ಚು ತಾಳುತ್ತದೆ. ಮೊಸರು ಬುತ್ತಿಯನ್ನು ಕಟ್ಟುವ ಕ್ರಮದಲ್ಲಿಯೂ ಒಂದು ಜಾಣ್ಮೆಯಿದೆ. ಅನ್ನವನ್ನು ಮೆತ್ತಗೆ ಹಿಚುಕಿ, ಕಾಯಿಸಿ ಆರಿಸಿದ ಹಾಲು ಬೆರೆಸಿ, ಒಂದು ಚಮಚ ಮೊಸರನ್ನಷ್ಟೇ ಹಾಕಿದರೆ ದಾರಿಯಲ್ಲಿಯೇ ಅದು ಹೆಪ್ಪುಗಟ್ಟಿ, ಉಣ್ಣುವ ಹೊತ್ತಿಗೆ ಹದವಾಗಿರುತ್ತದೆ. ಹಾಗಿದ್ದರೂ ಬೇಸಿಗೆಯಲ್ಲಿ ಅದು ಮಧ್ಯಾಹ್ನದ ಊಟಕ್ಕೆ ಮುಗಿಯತಕ್ಕದ್ದು, ರಾತ್ರಿಗೆ ಉಳಿಸತಕ್ಕದ್ದಲ್ಲ.

ಹಣ್ಣುಗಳಲ್ಲಿ ಸಿಪ್ಪೆಯುಳ್ಳವು ಉತ್ತಮ. ಏಲಕ್ಕಿ ಬಾಳೆ ಒಂದು ಮಗುವಿನ ಒಂದು ಹೊತ್ತಿಗೆ ಅಳೆದಿಟ್ಟಂತಿದೆ. ಕಿತ್ತಳೆ, ಮೋಸಂಬಿ ಸರಿ. ಧಾರವಾಡದ ಬಳಿ ನವಲೂರಿನ ಪೇರಲ ಹಣ್ಣಿನ ಕಾಲದಲ್ಲಿ ಆ ದಾರಿಯಾಗಿ ಹೋಗುವವರು ಬೇರೆ ತಿಂಡಿಯನ್ನು ಹುಡುಕಬಾರದು, ತೊಳೆದು ತಿಂದರಾಯಿತು. ರಸ್ತೆಯ ಬದಿಯಲ್ಲಿ ಹೆಚ್ಚಿಟ್ಟ ಕಲ್ಲಂಗಡಿಯ ಕೆಂಪಿಗೆ ಮರುಳಾಗಬಾರದು.

ಮನೆಯಲ್ಲಿ ಮಾಡಿದ್ದೆಂದ ಮಾತ್ರಕ್ಕೆ ಎಲ್ಲವೂ ಹಿತವೆಂದು ವಾದಿಸುವವರೂ ಉಂಟು. ಅದು ಸರಿಯಲ್ಲ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಎಣ್ಣೆಯಲ್ಲಿ ಕರಿದವೇ. ಮನೆಯ ಬಾಣಲೆಯಲ್ಲಿ ಕರಿದರೆ ಎಣ್ಣೆಯ ಗುಣ ಬದಲಾಗುವುದಿಲ್ಲ. ಗೋಕಾಕದ ಕರದಂಟು, ಬೆಳಗಾವಿಯ ಕುಂದಾ, ಧಾರವಾಡದ ಪೇಡೆ ನಾಡಿಗೆ ಹೆಸರು ತಂದ ತಿನಿಸುಗಳು ನಿಜ. ಬಂಧುಗಳಿಗೆ ಒಯ್ಯಲು ಅವುಗಳಿಗೆ ಎಣೆಯಿಲ್ಲ. ಆದರೆ ಕುಳಿತೇ ಇರುವ ಮಗುವಿಗೆ ದಾರಿಯುದ್ದಕ್ಕೂ ಕೊಡಲು ಅವು ತಕ್ಕವಲ್ಲ. ಶೇಂಗಾದಲ್ಲಿ ನಾಲ್ಕರಲ್ಲೊಂದು ಪಾಲು ಸಸಾರಜನಕವಿದೆಯಾದರೂ ಹೆಚ್ಚುಕಡಿಮೆ ಅರ್ಧ ಪಾಲು ಎಣ್ಣೆಯೇ. ಆದುದರಿಂದ ಶೇಂಗಾ ಉಂಡೆ, ಚಿಕ್ಕಿಗಳು ಒಂದು ನಿಲುಗಡೆಗೆ ಒಂದು ಸಾಕು. ಡಬ್ಬಿಯನ್ನೇ ಮಗುವಿನ ಕೈಗೆ ಒಪ್ಪಿಸುವುದಲ್ಲ. ಒಂದು ವರ್ಷ ತುಂಬದ ಕೂಸಿಗಂತೂ ದಾರಿಯಲ್ಲಾಗಲಿ ಮನೆಯಲ್ಲಾಗಲಿ ಜೇನುತುಪ್ಪ ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಬೀಜಕಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಅಪಾಯ ತಂದಾವು.

ಅಂಗಡಿಯ ಪೊಟ್ಟಣಗಳನ್ನು ಸಂಪೂರ್ಣವಾಗಿ ವರ್ಜಿಸುವುದು ಈ ಕಾಲದಲ್ಲಿ ಸಾಧ್ಯವೆಂದು ಯಾರೂ ಹೇಳಲಾರರು. ಕೊಳ್ಳುವ ಮೊದಲು ಅದರ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು ಮಾತ್ರ ಸಾಧ್ಯ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಮಾಡಬೇಕೆಂಬುದು ಭಾರತದ ಕಾನೂನು. ಮೊದಲ ಮೂರು ಹೆಸರುಗಳಲ್ಲಿ ಸಕ್ಕರೆಯೂ ಎಣ್ಣೆಯೂ ಇದ್ದರೆ ಉಳಿದುದನ್ನು ಓದುವ ಶ್ರಮ ಬೇಡ. ಆಲೂಗಡ್ಡೆಯ ಕರಿದ ಹಪ್ಪಳೆಗಳಲ್ಲಿ ಮೂರರಲ್ಲೊಂದು ಪಾಲು ಎಣ್ಣೆಯಿರುತ್ತದೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು ೧,೭೦೦ ಕಿಲೊಕ್ಯಾಲರಿ ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಲೆಕ್ಕ ಹಾಕಿದೆ. ಅದರಲ್ಲಿ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು, ಐದರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿತು. ಐದೆಂದರೆ ಸುಮಾರು ೨೧ ಗ್ರಾಂ. ೨೫೦ ಮಿಲಿಲೀಟರಿನ ಒಂದು ಬಾಟಲಿ ಕೋಲಾದಲ್ಲಿಯೇ ಸುಮಾರು ೨೫ ಗ್ರಾಂ ಸಕ್ಕರೆ ಕರಗಿರುತ್ತದೆ. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಅದರ ದ್ವಾರದಿಂದ ೫೦ ಮೀಟರಿನೊಳಗೂ ಮಾರಬಾರದೆಂದು ೨೦೨೦ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ನಿಯಮ ಮಾಡಿತು. ಶಾಲೆಯ ಬಾಗಿಲಲ್ಲಿ ಮಗುವಿಗೆ ಸಲ್ಲದ ಪದಾರ್ಥವು ಐವತ್ತೊಂದನೆಯ ಮೀಟರಿನಲ್ಲಿ, ತಂದೆಯ ಕಾರಿನೊಳಗೆ, ತಂದೆಯ ಕೈಯಿಂದಲೇ ಹೇಗೆ ಸಂದೀತು? ಈ ಪ್ರಶ್ನೆಗೆ ಸರಕಾರದ ನಿಯಮ ಉತ್ತರ ಕೊಡುವುದಿಲ್ಲ.

ನೀರಿನ ಮಾತನ್ನು ಪ್ರತ್ಯೇಕವಾಗಿ ಆಡಬೇಕು. ದಾರಿಯಲ್ಲಿ ಪದೇ ಪದೇ ಇಳಿಯಬೇಕಾದೀತೆಂಬ ಅಂಜಿಕೆಯಿಂದ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ನೀರನ್ನೇ ಕಡಿಮೆ ಕುಡಿಸುವ ವಾಡಿಕೆ ಬಹಳ ಮನೆಗಳಲ್ಲಿದೆ. ಅಚ್ಚುಕಟ್ಟಾದ ಶೌಚಾಲಯ ಸಿಗುವುದಿಲ್ಲವೆಂಬುದು ಅದಕ್ಕೆ ಕೊಡುವ ಕಾರಣ; ಕಾರಣ ಸುಳ್ಳೇನಲ್ಲ. ಆದರೆ ನೀರನ್ನು ಬಿಗಿಹಿಡಿದು, ಮೂತ್ರವನ್ನೂ ತಡೆದು ಕುಳಿತ ಬಾಲಕಿಗೆ ತಲೆನೋವು, ಮಲಬದ್ಧತೆ, ಮೂತ್ರದ ಸೋಂಕು ಬರುವ ಸಂಭವವಿದೆ. ಅದರ ಮೇಲೆ ಉಪ್ಪಿನ ಪೊಟ್ಟಣವನ್ನೂ ತಿನ್ನಿಸಿದರೆ ಆಕೆಯ ದಾಹದ ಗತಿಯೇನು? ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯವೂ ಕುಡಿಯುವ ನೀರೂ ಉಚಿತವಾಗಿ ದೊರೆಯಬೇಕೆಂಬ ನಿಯಮವಿದೆ. ಎಣ್ಣೆ ತುಂಬಿಸುವಾಗ ಕೇಳಿ ಪಡೆಯಲು ಸಂಕೋಚ ಬೇಡ. ತಾಯಂದಿರು ಕೇಳಲು ಹಿಂಜರಿದರೆ ತಂದೆಯರು ಕೇಳಬೇಕು. ಎರಡು ತಾಸಿನ ನಿಲುಗಡೆಯ ಕ್ರಮವನ್ನು ಪಾಲಿಸುವ ಕುಟುಂಬದ ಹೆಣ್ಣುಮಗಳಿಗೆ ಈ ಅಂಜಿಕೆ ತಾನಾಗಿಯೇ ಕಡಿಮೆಯಾಗುತ್ತದೆ. ಮನೆಯ ಕಾಯಿಸಿ ಆರಿಸಿದ ನೀರು, ತೆಳುಮಜ್ಜಿಗೆ, ದಾರಿಯಲ್ಲಿ ಕಣ್ಣೆದುರೇ ಕೆತ್ತಿ ಕೊಡುವ ಎಳನೀರು ಇಷ್ಟು ಪಾನೀಯಗಳು ಸಾಕು.

ಇಷ್ಟನ್ನೆಲ್ಲ ಓದಿದ ಗೃಹಿಣಿಯೊಬ್ಬಳು, ಹೊರಡುವ ಹಿಂದಿನ ರಾತ್ರಿ ಬಟ್ಟೆಬರೆ ಜೋಡಿಸಿ, ಮನೆ ಸಾರಿಸಿ, ಮುಂಜಾನೆ ನಾಲ್ಕಕ್ಕೆ ಎದ್ದು ರೊಟ್ಟಿಯನ್ನೂ ಬಡಿಯಬೇಕೇ ಎಂದು ಕೇಳಿದರೆ ಆಕೆಯ ಪ್ರಶ್ನೆ ನ್ಯಾಯವಾದದ್ದು. ನೌಕರಿಗೆ ಹೋಗುವ ತಾಯಂದಿರು ಹೆಚ್ಚಾಗಿರುವ ಈ ಕಾಲದಲ್ಲಿ ಬುತ್ತಿಯ ಭಾರವನ್ನು ಅವರೊಬ್ಬರ ಮೇಲೆಯೇ ಹೊರಿಸಿ ಪರಂಪರೆಯ ಗುಣಗಾನ ಮಾಡುವುದು ಸುಲಭ, ಅದು ನ್ಯಾಯವಲ್ಲ. ಖಡಕ್ ರೊಟ್ಟಿಯನ್ನು ಈಗ ಉತ್ತರ ಕರ್ನಾಟಕದ ಊರೂರುಗಳಲ್ಲಿ ಹೆಣ್ಣುಮಕ್ಕಳು ಬಡಿದು ಮಾರುತ್ತಾರೆ. ಕೊಂಡು ಒಯ್ದರೆ ಅವರಿಗೂ ನಾಲ್ಕು ಕಾಸು. ಚುರುಮುರಿಗೆ ಒಗ್ಗರಣೆ ಹಾಕಲು ಹತ್ತು ನಿಮಿಷ ಸಾಕು. ಅಷ್ಟನ್ನು ಕಾರಿನ ಗಾಳಿ ಪರೀಕ್ಷಿಸುವ ಗೃಹಸ್ಥನೂ ಮಾಡಬಲ್ಲ. ಹಣ್ಣು ತೊಳೆದು ಒರಸುವುದು, ಡಬ್ಬಿಗಳಿಗೆ ತುಂಬುವುದು ಮಕ್ಕಳ ಕೆಲಸ. ತಾನೇ ತುಂಬಿದ ಡಬ್ಬಿಯನ್ನು ಮಗು ಬೇಡವೆನ್ನುವುದು ಕಡಿಮೆ. ಡಬ್ಬಿಯಲ್ಲಿರುವ ಎರಡು ತಿಂಡಿಗಳಲ್ಲಿ ಒಂದನ್ನು ಆರಿಸುವ ಅಧಿಕಾರ ಅದಕ್ಕಿರಲಿ, ಅಂಗಡಿಯ ಇಪ್ಪತ್ತರಲ್ಲಿ ಒಂದನ್ನು ಆರಿಸುವ ಅಧಿಕಾರ ಬೇಡ. ಹೊಸ ತಿಂಡಿಯ ಪ್ರಯೋಗಕ್ಕೆ ಪಯಣದ ದಿನ ತಕ್ಕದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮನೆಯಲ್ಲಿ ತಿಂದು ಅಭ್ಯಾಸವಿದ್ದದ್ದೇ ದಾರಿಗೂ ಆಗಬೇಕು. ಸ್ಟೀಲ್ ಡಬ್ಬಿಯಾದರೆ ಕಿಟಕಿಯಿಂದ ಹೊರಗೆ ಎಸೆಯಲು ಏನೂ ಉಳಿಯುವುದಿಲ್ಲ. ಘಟ್ಟದ ಮಂಗಗಳಿಗೆ ಚಿಪ್ಸು ಎಸೆದು ಮಕ್ಕಳನ್ನು ನಗಿಸುವವರ ವಿಷಯವಾಗಿ ಹೆಚ್ಚು ಹೇಳದಿರುವುದೇ ವಾಸಿ.

ಎರಡು ನಿಲುಗಡೆಗಳ ನಡುವಿನ ಹೊತ್ತು ಹೇಗೆ ಕಳೆಯಬೇಕು? ತಿಂಡಿಯನ್ನು ತೆಗೆದುಕೊಂಡ ಮೇಲೆ ಮಗುವಿಗೆ ಬೇರೇನನ್ನಾದರೂ ಕೊಡಲೇಬೇಕಷ್ಟೆ. ಹಿಂದೆ ಬಂಡಿಯಲ್ಲಿ ಒಡಪು, ಒಗಟು, ಕತೆಗಳು ನಡೆಯುತ್ತಿದ್ದವು. ಈಗಲೂ ಮೈಲಿಗಲ್ಲುಗಳನ್ನು ಓದಿಸಬಹುದು, ಮುಂದಿನ ಊರು ಎಷ್ಟು ದೂರವೆಂದು ಲೆಕ್ಕ ಹಾಕಿಸಬಹುದು, ತುಂಗಭದ್ರೆಯ ಸೇತುವೆ ಬಂದಾಗ ನದಿ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆಂದು ಕೇಳಬಹುದು. ಹೊರಗೆ ನೋಡುವ ಮಗುವಿಗೆ ವಾಂತಿಯೂ ಕಡಿಮೆ. ಆದರೆ ಇದಕ್ಕೆ ದೊಡ್ಡವರು ತಮ್ಮ ಮೊಬೈಲನ್ನು ಕೆಳಗಿಡಬೇಕಾಗುತ್ತದೆ. ಪೊಟ್ಟಣ ಕೊಡಿಸುವುದಕ್ಕಿಂತ ಇದು ಕಷ್ಟದ ಕೆಲಸ.

ವಸತಿ ಶಾಲೆಗಳಿಗೆ ಮಕ್ಕಳನ್ನು ಮರಳಿ ಬಿಡಲು ಬರುವ ಪಾಲಕರ ಪಯಣ ಮಾತ್ರ ಬೇರೆಯೇ ಒಂದು ಬಗೆಯದು. ದಸರಾ ರಜೆ ಮುಗಿದ ಮುಂಜಾನೆ ಕಾರಿನಲ್ಲಿ ಕುಳಿತ ಹುಡುಗನಿಗೆ ಮನೆ ಬಿಡುವ ದುಃಖದಿಂದ ಗಂಟಲು ಕಟ್ಟಿರುತ್ತದೆ. ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಿರುತ್ತಾನೆ. ಆ ಮುಖವನ್ನು ನೋಡಲಾರದೆ ತಂದೆ ಕಂಡ ಕಂಡ ಅಂಗಡಿಯ ಮುಂದೆ ನಿಲ್ಲಿಸಿ ಕೇಳಿದ್ದನ್ನೂ ಕೇಳದ್ದನ್ನೂ ಕೊಡಿಸುತ್ತಾನೆ. ಹುಡುಗ ಅರ್ಧ ತಿಂದು ಅರ್ಧ ಬಿಡುತ್ತಾನೆ. ವಸತಿ ನಿಲಯಕ್ಕೆ ಬಂದು ಇಳಿದ ರಾತ್ರಿ ಹೊಟ್ಟೆನೋವೆಂದು ಮಲಗುತ್ತಾನೆ. ನಿಲಯದ ಮೇಲ್ವಿಚಾರಕರಿಗೆ ಇದು ಪ್ರತಿ ಸಲ ರಜೆ ಮುಗಿದಾಗಲೂ ಪರಿಚಿತವಾದ ದೃಶ್ಯ. ಆ ದಿನ ಅವನಿಗೆ ದಾರಿಯಲ್ಲಿ ಬೇಕಾದದ್ದು ಸ್ವಲ್ಪವೇ: ಒಂದು ಬಾಳೆಹಣ್ಣು, ಮಜ್ಜಿಗೆ, ಮರದ ಕೆಳಗೆ ತಂದೆಯೊಡನೆ ಹತ್ತು ನಿಮಿಷ. ತಾಯಿ ಕಟ್ಟಿಕೊಟ್ಟ ದೊಡ್ಡ ಡಬ್ಬಿಯನ್ನು ದಾರಿಯಲ್ಲಿ ತೆರೆಯದೆ ಹಾಗೆಯೇ ತರಲಿ. ಸಂಜೆ ಪ್ರಾರ್ಥನೆ ಮುಗಿದು ಕೋಣೆಯ ಹುಡುಗರೆಲ್ಲ ತಂತಮ್ಮ ಡಬ್ಬಿಗಳನ್ನು ನಡುವೆ ಇಟ್ಟುಕೊಂಡು ಕುಳಿತಾಗ, ಇಂಡಿಯ ಹುಡುಗನ ಸಜ್ಜೆ ರೊಟ್ಟಿಗೆ ಹರಿಹರದ ಹುಡುಗನ ಮಂಡಕ್ಕಿ ಸೇರಿ, ಎಂಟು ದಿನಕ್ಕೆಂದು ಕಟ್ಟಿದ್ದು ಎಂಟು ನಿಮಿಷದಲ್ಲಿ ಮುಗಿಯುತ್ತದೆ.